ಮೇಲಿನ ವಾರ್ಡಿನ ಹಸಿರು ದೀಪಗಳು

ಔಷಧವೇ ತನ್ನ ಕೆಲಸ ಮುಗಿಯಿತೋ ಇಲ್ಲವೋ ಎಂದು ನೋಡಿಕೊಂಡು ತಾನಾಗಿ ನಿಲ್ಲುವಂತಾದರೆ ಹೇಗೆ? ಕಂಪನಿಯವರು ಗದಗಿನ ನಮ್ಮ ಆಸ್ಪತ್ರೆಗೆ ಬಂದು ಈ ಪ್ರಶ್ನೆ ಕೇಳಿದಾಗ ಡಾಕ್ಟರುಗಳೆಲ್ಲ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಪುಕ್ಕಟೆ ಕೊಟ್ಟ ಉಂಡಿಯನ್ನೂ ಮುರಿದು ನೋಡಿ ತಿನ್ನುವ ಸ್ವಭಾವ ನನ್ನದು. ಜನರಲ್ ವಾರ್ಡಿನ ಇನ್‌ಚಾರ್ಜ್ ನರ್ಸ್ ಆಗಿ ಇಷ್ಟು ವರ್ಷ ದುಡಿದ ಮೇಲೆ, ಸೂಟು ತೊಟ್ಟು ನಗುತ್ತ ಬರುವವರನ್ನು ಕಂಡರೆ ನನಗೆ ಮೊದಲು ಹುಟ್ಟುವುದೇ ಅನುಮಾನ.

ಆ ವರ್ಷದ ಫ್ಲೂ ಹಿಂದಿನವುಗಳಂತಿರಲಿಲ್ಲ. ನೆಗಡಿಯ ಹಾಗೆ ಶುರುವಾಗಿ ನೋಡನೋಡುತ್ತ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತಿತ್ತು. ವೈರಸ್ಸನ್ನು ತಡೆಯುವ ಔಷಧವೇನೋ ಇತ್ತು, ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಅದಕ್ಕೇ ಈ ಪೆಟ್ಟಿಗೆ ಬಂತು. ಅದಕ್ಕೆ ಎರಡು ಕೊಳವೆ. ಒಂದು ರೋಗಿಯ ಕೈಗೆ ಚುಚ್ಚಿದ ಸೂಜಿಗೆ. ಅದು ಔಷಧ ಹೋಗುವ ದಾರಿ. ಇನ್ನೊಂದರ ತುದಿಯಲ್ಲಿ ಪುಟ್ಟ ಆಲಿಕೆಯಂಥ ಬಾಯಿ. ಅದನ್ನು ಆಕ್ಸಿಜನ್ ಮಾಸ್ಕಿನ ಅಂಚಿಗೆ ಸಿಕ್ಕಿಸಬೇಕು. ರೋಗಿ ಬಿಟ್ಟ ಉಸಿರನ್ನು ಅದು ಒಳಗೆ ಎಳೆದುಕೊಳ್ಳುತ್ತಿತ್ತು. ಪೆಟ್ಟಿಗೆಯೊಳಗೆ ಅಂಚೆಚೀಟಿಯಷ್ಟು ಅಗಲದ ಒಂದು ಪೊರೆ. ಉಸಿರಿನಲ್ಲಿ ವೈರಸ್ ಇದ್ದರೆ ಪೊರೆಗೆ ಗೊತ್ತಾಗುತ್ತದೆ, ಹಸಿರು ದೀಪ ಉರಿಯುತ್ತದೆ, ಔಷಧ ಹರಿಯುತ್ತದೆ. ವೈರಸ್ ಇಲ್ಲವೆಂದಾದರೆ ನೀಲಿ ದೀಪ, ಔಷಧ ಬಂದ್. ಆಮೇಲೂ ಒಂದು ದಿನ ಪೆಟ್ಟಿಗೆ ಅಲ್ಲೇ ಕಾವಲು ಕೂತಿದ್ದು, ಉಳಿದ ಔಷಧದೊಂದಿಗೆ ಮುಂದಿನ ರೋಗಿಯ ಹಾಸಿಗೆಗೆ ಹೋಗುತ್ತದೆ. ಔಷಧ ಪೆಟ್ಟಿಗೆಯೊಳಗೇ ಭದ್ರ. ಬೀಗ ತೆಗೆಯುವ ಅಧಿಕಾರ ನಮ್ಮ ಡಾಕ್ಟರಿಗೂ ಇರಲಿಲ್ಲ.

ಪೆಟ್ಟಿಗೆಗೆ ಒಂದು ಹೆಣ್ಣುದನಿಯೂ ಇತ್ತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಕೂಡಲೇ ತಾನೆಲ್ಲಿದ್ದೇನೆಂದು ಹೇಳುತ್ತಿತ್ತು. ನಮ್ಮಲ್ಲಿ "ಜನರಲ್ ವಾರ್ಡ್" ಎಂದಷ್ಟೇ ಅನ್ನುತ್ತಿದ್ದಳು. ಅದೇ ಪೆಟ್ಟಿಗೆಯನ್ನು ಮಹಡಿಯ ಮೇಲಿನ ಸ್ಪೆಷಲ್ ವಾರ್ಡಿಗೆ ಒಯ್ದು ಸಿಕ್ಕಿಸಿದರೆ "ನಮಸ್ಕಾರ, ಸ್ಪೆಷಲ್ ವಾರ್ಡ್" ಎನ್ನುತ್ತಿದ್ದಳು. ನಮ್ಮ ಹುಡುಗಿಯರು ಇದನ್ನು ಹೇಳಿಕೊಂಡು ನಗುತ್ತಿದ್ದರು, ನಾನೂ ನಕ್ಕಿದ್ದೆ.

ಇನ್ನೊಂದು ಮಾತನ್ನು ಕಂಪನಿಯವರು ಒತ್ತಿ ಹೇಳಿದ್ದರು. ಪೆಟ್ಟಿಗೆ ತಾನೇ ಔಷಧ ನಿಲ್ಲಿಸುತ್ತದೆಂದು ರೋಗಿಯ ಕಡೆಯವರಿಗೆ ತಿಳಿಸಬಾರದು, ತಿಳಿಸಿದರೆ ಗಲಾಟೆಯಾಗುತ್ತದೆ. ಹಾಗಾಗಿ ಯಾರಾದರೂ ಕೇಳಿದರೆ ನಾವು "ಔಷಧದ ಮಷೀನು" ಎಂದು ಹೇಳಿ ಮುಂದೆ ಹೋಗುತ್ತಿದ್ದೆವು.

ನನ್ನ ಅನುಮಾನ ಗಟ್ಟಿಯಾದದ್ದು ಖಾಜಾಸಾಬನಿಂದ. ಆತ ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷೀನ್ ಓಡಿಸುವವನು. ಹೆಂಡತಿ ಮಮ್ತಾಜ್ ನಮ್ಮ ವಾರ್ಡಿನಲ್ಲಿದ್ದಳು. ಶನಿವಾರ ಮಧ್ಯಾಹ್ನ ಅವಳ ಪೆಟ್ಟಿಗೆ ನೀಲಿಯಾದ ಕೂಡಲೇ ಅವನು ನನ್ನ ಟೇಬಲ್ಲಿನ ಮುಂದೆ ಬಂದು ನಿಂತ.

"ಸಿಸ್ಟರ್, ನೀಲಿ ದೀಪ ಬಂದ್ರ ಔಷಧ ಬಂದ್ ಆಗ್ತೈತಿ, ಹೌದಲ್ರಿ?"

"ಯಾರ ಹೇಳಿದ್ರು ನಿಮಗ?"

"ಯಾರ ಹೇಳಬೇಕ್ರಿ? ಮೂರು ದಿನದಿಂದ ಕಣ್ಣ ಮುಚ್ಚದಂಗ ನೋಡಾಕ ಹತ್ತೀನಿ. ನೀಲಿ ಆದ ಮ್ಯಾಲೆ ಹನಿ ಬೀಳವಲ್ದು. ಮೂಲ್ಯಾಗಿನ ಅಜ್ಜಾಗ ನೀಲಿ ಆತು, ಪೆಟ್ಟಿಗಿ ತಗೊಂಡ ಹೋದ್ರಿ, ಮರುದಿನ ಅಜ್ಜನೂ ಹೋದ. ನಮ್ಮಕೀಗೆ ಇನ್ನೂ ದಮ್ಮು ಹತ್ತೈತಿ, ಆಕೀಗೂ ನೀಲಿ. ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮ್ಯಾಲಿನ ವಾರ್ಡಿನ್ಯಾಗ ಒಂದಕ್ಕರೆ ನೀಲಿ ಆಗೈತೇನ್ರಿ?"

ನನಗೆ ಸಿಟ್ಟು ಬಂತು. ಉತ್ತರ ಗೊತ್ತಿಲ್ಲದ್ದಕ್ಕೆ ಬಂದ ಸಿಟ್ಟು ಅದು. ಏನೋ ನೆಪ ಮಾಡಿಕೊಂಡು ಮಹಡಿ ಹತ್ತಿ, ಒಂದೊಂದೇ ಕೋಣೆಗೆ ಇಣುಕಿ ಬಂದೆ. ಎಲ್ಲ ಹಸಿರು. ಹತ್ತಿ ಮಿಲ್ಲಿನ ಸಾವಕಾರರು ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದರು, ಆದರೂ ಹಸಿರು. ಕೆಳಗೆ ಬಂದು ಎಣಿಸಿದರೆ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ನೀಲಿ. ಒಂದು ಹಾಸಿಗೆಯ ಹಸಿರು ದೀಪವನ್ನು ಮಾತ್ರ ಎರಡೆರಡು ಸಲ ಹೋಗಿ ನೋಡಿಕೊಂಡು ಬಂದೆ.

ಯಾಕೆಂದರೆ ನನ್ನ ಅವ್ವನೂ ಅದೇ ವಾರ್ಡಿನಲ್ಲಿದ್ದಳು.

ಅವ್ವ ಬಸಲಿಂಗವ್ವ ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ ನಡೆಸುವವಳು. ಕುದಿಯುವ ಸಾರಿನ ವಾಸನೆ ನೋಡಿಯೇ ಉಪ್ಪು ಕಡಿಮೆಯೋ ಹೆಚ್ಚೋ ಹೇಳುತ್ತಾಳೆ. ಗಿರಾಕಿ ಎಂಥವನೇ ಇರಲಿ, ತಟ್ಟೆಯಲ್ಲಿ ರೊಟ್ಟಿ ಬಿಟ್ಟು ಎದ್ದರೆ ಬೈಯದೆ ಕಳಿಸುವುದಿಲ್ಲ. ಅಂಥವಳು ಈಗ ಮಾಸ್ಕಿನೊಳಗೆ ಬಾಯಿ ತೆರೆದು ಉಸಿರಿಗೆ ಹೋರಾಡುತ್ತಿದ್ದಳು. ಅವಳನ್ನು ನೋಡಿಕೊಳ್ಳಲು ಚಿಗವ್ವ ಹುಲಿಗೆವ್ವ ಹಾಸಿಗೆಯ ಪಕ್ಕ ಕೂತಿರುತ್ತಿದ್ದಳು. ಚಿಗವ್ವ ಅಂದರೆ ಅವ್ವನ ತಂಗಿ, ಖಾನಾವಳಿಯ ರೊಟ್ಟಿಯೆಲ್ಲ ಅವಳ ಕೈಯವೇ. ನಾನು ಹತ್ತಿರ ಹೋದಾಗಲೆಲ್ಲ ಚಿಗವ್ವ ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದಳು. ಸದಾ ಮಾತಾಡುವ ಹೆಂಗಸು ಹೀಗೇಕೆ ಎಂದು ಒಮ್ಮೆ ಅನಿಸಿತ್ತು, ಅಕ್ಕನ ಚಿಂತೆ ಇರಬೇಕೆಂದು ಬಿಟ್ಟೆ.

ಅದೇ ಶನಿವಾರ ಸಂಜೆ ಅವ್ವನ ಪೆಟ್ಟಿಗೆಯೂ ನೀಲಿಯಾಯಿತು. ಆಕ್ಸಿಜನ್ ಮಟ್ಟ ಮಾತ್ರ ಇಳಿಯುತ್ತಲೇ ಇತ್ತು.

ನಾನು ನಮ್ಮ ವಾರ್ಡಿನ ಡಾಕ್ಟರ್ ಕಿತ್ತೂರರನ್ನು ಕರೆದುಕೊಂಡು ಕಂಟ್ರೋಲ್ ರೂಮಿಗೆ ಹೋದೆ. ಹಳೆಯ ಎಕ್ಸ್‌ರೇ ಕೋಣೆಗೆ ಗಾಜು ಹಾಕಿಸಿ ಆ ಹೆಸರಿಟ್ಟಿದ್ದರು. ಪರದೆಯ ಮೇಲೆ ಬೆಂಗಳೂರಿನಿಂದ ಕಂಪನಿಯ ಇಂಜಿನಿಯರ್ ಶ್ರೀವತ್ಸ ಬಂದ. ಒಳ್ಳೆಯ ಮಾತಿನ ಹುಡುಗ. ಅಷ್ಟು ಒಳ್ಳೆಯ ಮಾತೂ ನನಗೆ ಆಗಿಬರುವುದಿಲ್ಲ.

"ರೀಡಿಂಗ್ ನೋಡಿದೀನಿ ಡಾಕ್ಟ್ರೇ. 'ವೈರಸ್ ಇಲ್ಲ' ಅಂತಾನೇ ತೋರಿಸ್ತಾ ಇದೆ. ಪೆಟ್ಟಿಗೆ ಸರಿಯಾಗೇ ಕೆಲಸ ಮಾಡ್ತಿದೆ."

"ಹಂಗಾರ ನಮ್ಮವ್ವನ ಉಸಿರು ಯಾಕ ಇಳ್ಯಾಕ ಹತ್ತೈತಿ?" ಎಂದೆ.

ಡಾಕ್ಟರ್ ಕಿತ್ತೂರ ಮೆಲ್ಲಗೆ ಹೇಳಿದರು. "ವೈರಸ್ ಹೋದ ಮ್ಯಾಲೂ ನ್ಯುಮೋನಿಯಾ ಉಳೀಬಹುದು ಸಿಸ್ಟರ್. ಬೆಂಕಿ ಆರಿದ ಮ್ಯಾಲೂ ಹೊಗಿ ಇರ್ತೈತಲ್ಲ, ಹಂಗ. ಆದ್ರ ಇಷ್ಟ ಮಂದೀಗೆ ಒಮ್ಮಿಗೇ ನೀಲಿ ಆಗೂದು ನನಗೂ ಸರಿ ಕಾಣವಲ್ದು. ಶ್ರೀವತ್ಸ, ನಿಮಗ ಅಲ್ಲಿಂದ ಚಾಲೂ ಮಾಡಾಕ ಬರ್ತೈತೋ ಇಲ್ಲೋ?"

"ಕಮಿಟಿ ಅಪ್ರೂವಲ್ ಬೇಕು ಡಾಕ್ಟ್ರೇ. ಸೋಮವಾರ ಮೀಟಿಂಗ್ ಇದೆ, ಒಂದು ಮೇಲ್ ಹಾಕಿಬಿಡಿ."

"ಭಾನುವಾರ ಸಂಜೀಗೆ ಪೆಟ್ಟಿಗಿ ಬ್ಯಾರೆ ಹಾಸಿಗಿಗೆ ಹೋಗ್ತಾವ," ಎಂದೆ.

"ಅದು ಆಟೋಮ್ಯಾಟಿಕ್ ಸಿಸ್ಟರ್," ಎಂದು ಅವನು ಬೇಸರದಿಂದಲೇ ನಕ್ಕ. ಆ ನಗುವನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡೆ. ಬಡವರ ಪಾಲಿನ ಔಷಧವನ್ನು ಮಹಡಿಗೆ ಸಾಗಿಸಲು ಯಾರೋ ಈ ಪೆಟ್ಟಿಗೆಗೆ ಕಲಿಸಿದ್ದಾರೆ ಎಂಬುದರಲ್ಲಿ ನನಗೆ ಆಗ ಎಳ್ಳಷ್ಟೂ ಸಂಶಯ ಉಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಡ್ಯೂಟಿ ಇರಲಿಲ್ಲ. ಚಿಗವ್ವ ಕೊಟ್ಟುಕಳಿಸಿದ ಬಟ್ಟೆಗಂಟನ್ನು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಬಿಚ್ಚಿದೆ. ಅವ್ವನ ಸೀರೆ, ಹೊದಿಕೆ, ದಿಂಬಿನ ಚೀಲ. ದಿಂಬಿನ ಚೀಲ ಎತ್ತಿದ ಕೂಡಲೇ ಮೂಗಿಗೆ ಘಾಟು ಬಡಿಯಿತು. ಅಜವಾನ ಮತ್ತು ಕರ್ಪೂರ. ಒಂದು ಮೂಲೆಯಲ್ಲಂತೂ ಎಣ್ಣೆಯ ಕಲೆ, ಕಲೆಯಲ್ಲಿ ಅಂಟಿಕೊಂಡ ನಾಲ್ಕಾರು ಅಜವಾನದ ಕಾಳು. ಅದು ಪೆಟ್ಟಿಗೆಯ ಆಲಿಕೆ ತಾಗುವ ಮೂಲೆ.

ನಾನು ಹಾಗೇ ಕಲ್ಲಿನ ಮೇಲೆ ಕೂತುಬಿಟ್ಟೆ. ಎದೆ ಕಟ್ಟಿದಾಗ ಅಜವಾನ ಹುರಿದು, ಕರ್ಪೂರ ಸೇರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸುವುದು ನಮ್ಮ ಎಲ್ಲ ಮನೆಗಳಲ್ಲಿ ಇರುವುದೇ. ಚಿಕ್ಕಂದಿನಲ್ಲಿ ನನ್ನ ಕೊರಳಿಗೂ ಅವ್ವ ಕಟ್ಟುತ್ತಿದ್ದಳು. ವಾರ್ಡಿನಲ್ಲಿ ಅದರ ವಾಸನೆ ನನಗೆ ಹತ್ತದೇ ಇದ್ದದ್ದು ಹೇಗೆ? ಹೊಳೆಯಿತು. ಫ್ಲೂ ಶುರುವಾದಂದಿನಿಂದ ಎರಡು ಪದರದ ಬಿಗಿ ಮಾಸ್ಕ್ ತೆಗೆದು ನಾವ್ಯಾರೂ ವಾರ್ಡಿನೊಳಗೆ ಉಸಿರಾಡಿಲ್ಲ. ಡಾಕ್ಟರೂ ಇಲ್ಲ, ನರ್ಸೂ ಇಲ್ಲ. ಮೂಗಿನಿಂದಲೇ ಉಪ್ಪು ನೋಡುವವಳ ಮಗಳು ನಾನು, ಮೂಗು ಮುಚ್ಚಿಕೊಂಡು ಕಳ್ಳರನ್ನು ಹುಡುಕುತ್ತಿದ್ದೆ. ಒದ್ದೆ ಕೈಯಲ್ಲೇ ಆಸ್ಪತ್ರೆಗೆ ಓಡಿದೆ.

"ಚಿಗವ್ವಾ, ಸೆರಗಿನ್ಯಾಗ ಏನೈತಿ ತೋರ್ಸು."

"ಏನಿಲ್ಲವಾ."

"ನಿನ್ನ ಕಾಲ ಬೀಳ್ತೀನಿ, ಸುಳ್ಳ ಹೇಳಬ್ಯಾಡ. ಗಂಟು ಎಲ್ಲೈತಿ?"

ಚಿಗವ್ವ ಸುತ್ತ ನೋಡಿ, ಸೊಂಟದಿಂದ ಗಂಟು ತೆಗೆದು ಅಂಗೈಯಲ್ಲಿಟ್ಟಳು. "ನೀವು ಬಂದಾಗ ಮುಚ್ಚಿಡ್ತೀನಿ. ಕಂಡ್ರ ಒಗೀತೀರಲ್ಲ, ಅದಕ. ನೀವು ಹೋದ ಮ್ಯಾಲೆ ಆ ಕೊಳವಿ ಬಾಯಿಗೆ ಕಟ್ಟತೀನಿ. ಅಕ್ಕನ ಮೂಗಿಗೆ ಚೊಲೋ ಗಾಳಿ ಹೋಗಲಿ ಅಂತ."

"ಕೊಳವಿ ಬಾಯಿಗ್ಯಾಕ?"

"ಉಗಿ ಮಷೀನಲ್ಲೇನ ಅದು? ಹೋದ ವರ್ಷ ನಿಮ್ಮ ಕಾಕಾಗ ದಮ್ಮು ಬಂದಾಗ ಇಲ್ಲೇ ಹಚ್ಚಿದ್ರಲ್ಲ. ಕೊಳವಿ ಒಳಗಿಂದ ಔಷಧದ ಗಾಳಿ ಬರ್ತಿತ್ತು. ಇದರಾಗ ವಾಸನೀನ ಇಲ್ಲ, ಏನೂ ಇಲ್ಲ. ಬರೇ ಗಾಳಿ ಬಿಡ್ತಾರ ಬಡವರಿಗೆ ಅಂತ ತಿಳದು ನಾವ ಔಷಧ ಹಾಕಿದ್ವಿ."

"ನಾವ ಅಂದ್ರ?"

ಖಾಜಾಸಾಬ ತಲೆ ತಗ್ಗಿಸಿದ. ಹೆಂಡತಿಯ ದಿಂಬಿನಡಿಯಿಂದ ಅಂಥದೇ ಗಂಟು ತೆಗೆದ. ಆಚೆ ಹಾಸಿಗೆಯ ಮುದುಕಿ ತನ್ನದನ್ನು ತೋರಿಸಿದಳು. ಒಬ್ಬರನ್ನು ನೋಡಿ ಒಬ್ಬರು, ಇಡೀ ವಾರ್ಡೇ ಕಟ್ಟಿತ್ತು.

ಅವರಿಗೆ ಬಿಡಿಸಿ ಹೇಳಿದೆ. ಇದು ಗಾಳಿ ಬಿಡುವ ಕೊಳವೆಯಲ್ಲ, ಉಸಿರು ಎಳೆಯುವ ಕೊಳವೆ. ನೀವು ಕಟ್ಟಿದ ಗಂಟಿನ ಎಣ್ಣೆ ಆವಿಯಾಗಿ ಒಳಗಿನ ಪೊರೆಗೆ ಮೆತ್ತಿಕೊಂಡಿದೆ. ಪೊರೆ ಕುರುಡಾಗಿದೆ. ಅದಕ್ಕೆ ವೈರಸ್ ಕಾಣುತ್ತಿಲ್ಲ, ಕಾಣದ್ದಕ್ಕೆ ಔಷಧ ನಿಂತಿದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಚಿಗವ್ವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ನಾನಽ ಅಕ್ಕನ ಔಷಧ ನಿಲ್ಲಿಸಿದ್ನೇನ ಹಂಗಾರ?" ಎಂದಳು. ಆಮೇಲೆ ಕಣ್ಣು ಒರೆಸಿಕೊಂಡು ನೇರ ನನ್ನನ್ನೇ ನೋಡಿದಳು. "ಇದನ್ನ ಮೊದಲ ದಿನ ಯಾಕ ಹೇಳಲಿಲ್ಲ ದಾಕ್ಷಿ? ಏನಿದು ಅಂತ ಕೇಳಿದ್ರ ಔಷಧದ ಮಷೀನು ಅಂದಿ."

ನಾವು ಅವರಿಂದ ಮುಚ್ಚಿಟ್ಟೆವು, ಅವರು ನಮ್ಮಿಂದ ಮುಚ್ಚಿಟ್ಟರು. ನಡುವೆ ಅವ್ವ ಏದುಸಿರು ಬಿಡುತ್ತಿದ್ದಳು.

ಗಂಟುಗಳನ್ನೆಲ್ಲ ಬಿಚ್ಚಿಸಿದೆ. ಆದರೆ ಪೊರೆ ಒರೆಸಿದರೆ ಸರಿಹೋಗುವಂಥದ್ದಲ್ಲ, ಬೇರೆಯದೇ ಬರಬೇಕು. ಡಾಕ್ಟರ್ ಕಿತ್ತೂರ ಬೆಂಗಳೂರಿಗೆ ಫೋನ್ ಮಾಡಿದರೆ ಬುಧವಾರ ಕಳಿಸುತ್ತೇವೆ ಎಂಬ ಉತ್ತರ ಬಂತು. ಅವ್ವನ ಬೆರಳಿಗೆ ಹಾಕಿದ್ದ ಮೀಟರ್ ನೋಡಿ ಡಾಕ್ಟರು ತುಟಿ ಕಚ್ಚಿಕೊಂಡರು. "ಬುಧವಾರದ ಮಟ ಭಾಳ ದೂರ ಆತು ಸಿಸ್ಟರ್," ಎಂದಷ್ಟೇ ಹೇಳಿದರು.

ಸರಿ, ತಪ್ಪು ನಮ್ಮದೇ ಆಯಿತಲ್ಲ ಎಂದುಕೊಳ್ಳುವಾಗ ನನ್ನ ಹಳೆಯ ಚಾಳಿ ಮತ್ತೆ ತಲೆ ಎತ್ತಿತು. ಮೇಲಿನವರೇನು ಅಜವಾನ ಮೂಸದ ಜನವೇ? ಶ್ರೀಮಂತರಿಗೂ ಎದೆ ಕಟ್ಟುತ್ತದೆ, ಅವರ ಮನೆಯಲ್ಲೂ ಹಿರಿಯ ಹೆಂಗಸರಿರುತ್ತಾರೆ. ಮಹಡಿ ಹತ್ತಿ ಸಾವಕಾರರ ಕೋಣೆಗೆ ಹೋದೆ. ಅವರ ಹೆಂಡತಿ ಒಬ್ಬರೇ ಇದ್ದರು.

"ಅಕ್ಕಾವ್ರ, ಒಂದ್ ಮಾತು. ಈ ಕೊಳವಿ ಬಾಯಿಗೆ ಏನರೆ ಕಟ್ಟೀರೇನ್ರಿ?"

ಅವರು ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ನಕ್ಕರು. ಆಲಿಕೆಯ ಹಿಂದೆ ನೀಲಗಿರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಉಂಡೆ ಇತ್ತು. "ಬ್ಯಾಡಂತ ಬೈಬ್ಯಾಡ್ರಿ ಸಿಸ್ಟರ್. ಎಲ್ಲಾ ಕೋಣ್ಯಾಗೂ ಮಾಡ್ಯಾರ. ಚೊಲೋ ಅಂತ."

ಹತ್ತಿಯ ಉಂಡೆ ಮೂಗಿಗೆ ಹಿಡಿಯಲು ನಾನು ಮಾಸ್ಕ್ ಸರಿಸಿದೆ. ಘಾಟು ನೆತ್ತಿಗೇರಿತು. ಇಲ್ಲಿಯ ಪೊರೆಯೂ ಕುರುಡಾಗಿರಲೇಬೇಕು. ಪೆಟ್ಟಿಗೆಯ ದೀಪ ಮಾತ್ರ ಹಸಿರು, ಹನಿ ಬೀಳುತ್ತಲೇ ಇತ್ತು.

ಕಂಟ್ರೋಲ್ ರೂಮಿಗೆ ಇಳಿದು ಶ್ರೀವತ್ಸನನ್ನು ಪರದೆಗೆ ಕರೆದೆ. ಈ ಸಲ ಡಾಕ್ಟರನ್ನು ಕರೆದುಕೊಂಡು ಹೋಗಲಿಲ್ಲ. ಭಾನುವಾರವಾದ್ದರಿಂದ ಅವನು ಮನೆಯಲ್ಲಿದ್ದ. ಹಿಂದೆ ಯಾವುದೋ ಕೂಸು ಅಳುತ್ತಿತ್ತು.

"ಪೊರಿ ಕುರುಡಾದ್ರ ಪೆಟ್ಟಿಗಿ ಏನ ಮಾಡತೈತ್ರಿ?"

"ರೀಡಿಂಗ್ ಸಂಶಯಾಸ್ಪದ ಅಂತ ಬರುತ್ತೆ ಸಿಸ್ಟರ್."

"ನಿನ್ನೆ ನೀವು 'ವೈರಸ್ ಇಲ್ಲ' ಅಂದ್ರಿ."

ಅವನು ಕೂಸನ್ನು ಎತ್ತಿಕೊಂಡ. ಅದರ ಬೆನ್ನು ತಟ್ಟುತ್ತ ಹೇಳಿದ. "ಸ್ಕ್ರೀನ್ ಮೇಲೆ ಹಾಗೇ ಬರೋದು. ಸಂಶಯ ಬಂದ್ರೆ ಇಲ್ಲ ಅಂತ ತಗೋ, ನಿಲ್ಲಿಸು. ಔಷಧ ವೇಸ್ಟ್ ಆಗಬಾರದಲ್ಲ."

"ಎಲ್ಲಾ ವಾರ್ಡಿಗೂ ಹಂಗ ಏನ್ರಿ?"

"ಸಿಸ್ಟರ್, ಅದು ಪಾಲಿಸಿ. ನಾನು ಮಾಡಿದ್ದಲ್ಲ."

"ಹೇಳ್ರಿ ತಮ್ಮಾ. ನಮ್ಮವ್ವ ಸಾಯಾಕ ಹತ್ಯಾಳ."

"ಸ್ಪೆಷಲ್ ವಾರ್ಡಲ್ಲಿ ಸಂಶಯ ಬಂದ್ರೆ ಮುಂದುವರಿಸು ಅಂತಿದೆ," ಎಂದ ಅವನು, ನನ್ನ ಮುಖ ನೋಡದೆ. "ಅಲ್ಲಿ ನಿಂತುಹೋದ್ರೆ ಕೇಸ್ ಹಾಕ್ತಾರೆ ಅಂತ."

ನನ್ನ ಅನುಮಾನ ನಿಜವಾಯಿತೆಂದು ನನಗೇನೂ ಖುಷಿಯಾಗಲಿಲ್ಲ. ಮೈಯೆಲ್ಲ ಉರಿಯಿತು. ಪೆಟ್ಟಿಗೆಯನ್ನು ಕುರುಡು ಮಾಡಿದ್ದು ನಮ್ಮ ಗಂಟು, ಒಪ್ಪಿದೆ. ಕುರುಡಾದಾಗ ಯಾರ ಕೈ ಬಿಡಬೇಕೆಂದು ಮಾತ್ರ ಮೊದಲೇ ತೀರ್ಮಾನವಾಗಿತ್ತು.

"ತಾನು ಯಾವ ವಾರ್ಡಿನ್ಯಾಗ ಅದೀನಿ ಅಂತ ಅದಕ್ಕ ಹೆಂಗ ಗೊತ್ತಾಗ್ತೈತಿ?" ಎಂದು ಕೇಳಿದೆ, ಉತ್ತರ ಗೊತ್ತಿದ್ದೂ.

"ಗೋಡೆಯ ಪ್ಲಗ್ಗಿಂದ," ಎಂದ. ಹೇಳಿದ ಮೇಲೆ ನನ್ನನ್ನು ದಿಟ್ಟಿಸಿದ. ಬೇಡ ಎನ್ನುತ್ತಾನೇನೋ ಎಂದು ಕಾದೆ. ಅನ್ನಲಿಲ್ಲ. ಕೂಸು ಅಳುತ್ತಿದೆಯೆಂದು ಪರದೆ ಆರಿಸಿದ. ಅದು ಆಗಲೇ ಅಳು ನಿಲ್ಲಿಸಿತ್ತು.

ವಾರ್ಡಿಗೆ ಬಂದು ಅವ್ವನ ಮಂಚದ ಗಾಲಿಯ ಬ್ರೇಕ್ ತೆಗೆದೆ. ಚಿಗವ್ವ ಏನೆಂದು ಕೇಳಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ತುದಿ ಹಿಡಿದಳು. ಆಕ್ಸಿಜನ್ ಸಿಲಿಂಡರನ್ನು ಮಂಚದ ಮೇಲೇ ಇಟ್ಟುಕೊಂಡೆವು. ಲಿಫ್ಟಿನ ಬಾಗಿಲಲ್ಲಿ ಡಾಕ್ಟರ್ ಕಿತ್ತೂರ ಎದುರಾದರು.

"ಎಲ್ಲಿಗ್ರಿ ಸಿಸ್ಟರ್?"

ಎರಡು ಮಾತಿನಲ್ಲಿ ಹೇಳಿದೆ, ಹಿಂದೆ ಬಂದು ನಿಂತಿದ್ದ ಖಾಜಾಸಾಬನಿಗೂ ಕೇಳುವಂತೆ. ಅವರು ಎಂದೂ ಆಡಳಿತದವರ ಮುಂದೆ ದನಿ ಎತ್ತಿದವರಲ್ಲ. ಈಗ ಬೈಯುತ್ತಾರೋ ಓಡಿಹೋಗುತ್ತಾರೋ ಎಂದು ಕಾದೆ. ಅವರು ಅವ್ವನ ಬೆರಳಿನ ಮೀಟರ್ ನೋಡಿದರು, ಲಿಫ್ಟಿನೊಳಗೆ ತಾವೂ ಹತ್ತಿ, ಮೇಲಿನ ಮಹಡಿಯ ಗುಂಡಿ ಒತ್ತಿದರು.

ಸ್ಪೆಷಲ್ ವಾರ್ಡಿನಲ್ಲಿ ಕೋಣೆ ಖಾಲಿ ಇರಲಿಲ್ಲ. ಆದರೆ ಕಾರಿಡಾರಿನ ಗೋಡೆಗೂ ಸಾಲಾಗಿ ಪ್ಲಗ್ಗುಗಳಿದ್ದವು. ಮಂಚ ನಿಲ್ಲಿಸಿ ಪೆಟ್ಟಿಗೆಯ ವೈರು ಸಿಕ್ಕಿಸಿದೆ.

"ನಮಸ್ಕಾರ," ಎಂದಳು ಪೆಟ್ಟಿಗೆಯ ಹೆಂಗಸು. "ಸ್ಪೆಷಲ್ ವಾರ್ಡ್."

ದೀಪ ನೀಲಿಯಾಗಿಯೇ ಇತ್ತು. ಪೆಟ್ಟಿಗೆ ಅವ್ವನ ಉಸಿರನ್ನು ಎಳೆದು, ಇಲ್ಲದ ಕಣ್ಣಿನಿಂದ ನೋಡಲು ಹೆಣಗುತ್ತಿತ್ತು. ಚಿಗವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಆಮೇಲೆ ದೀಪ ಒಮ್ಮೆ ಮಿಟುಕಿ ಹಸಿರಾಯಿತು. ಕೊಳವೆಯಲ್ಲಿ ಒಂದು ಹನಿ ಇಳಿಯಿತು, ಹಿಂದೆಯೇ ಇನ್ನೊಂದು. ಚಿಗವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನಾನೂ ಅತ್ತೆ, ಯಾರು ನೋಡಿದರೂ ಚಿಂತೆಯಿಲ್ಲ ಎಂದು ಅತ್ತೆ.

ಅಷ್ಟರಲ್ಲಿ ಲಿಫ್ಟು ಮತ್ತೆ ತೆರೆಯಿತು. ಖಾಜಾಸಾಬ ಮಮ್ತಾಜಳ ಮಂಚ ತಳ್ಳಿಕೊಂಡು ಬಂದ. "ತಿಳೀತ್ರಿ ಸಿಸ್ಟರ್," ಎಂದವನೇ ಪ್ಲಗ್ ಹುಡುಕಿದ. ಅವನ ಹಿಂದೆ ಆಚೆ ಹಾಸಿಗೆಯ ಮುದುಕಿಯ ಕಡೆಯವರು. ಅವರ ಹಿಂದೆ ಇನ್ನೊಂದು ಮಂಚ. ಡಾಕ್ಟರ್ ಕಿತ್ತೂರ ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತರು. ಸಾವಕಾರರ ಹೆಂಡತಿ ಸದ್ದಿಗೆ ಹೊರಗೆ ಬಂದರು. ಏನು ಅರ್ಥವಾಯಿತೋ, ತಮ್ಮ ಕೋಣೆಯಿಂದ ಒಂದು ಉದ್ದನೆಯ ವೈರು ತಂದುಕೊಟ್ಟರು. ಗೋಡೆಯುದ್ದಕ್ಕೂ ಆ ಹೆಂಗಸು ಒಬ್ಬೊಬ್ಬರಿಗೂ ನಮಸ್ಕಾರ ಹೇಳುತ್ತ ಹೋದಳು.

ನನ್ನ ಫೋನ್ ಬಡಿದುಕೊಂಡಿತು. ಶ್ರೀವತ್ಸನಲ್ಲ, ಅವನ ಮೇಲಿನವರು ಯಾರೋ. ದನಿಯಲ್ಲಿ ಗಾಬರಿ, ಅನುಮಾನ ಎರಡೂ ಇದ್ದವು.

"ಸಿಸ್ಟರ್, ಏನಾಗ್ತಿದೆ ಅಲ್ಲಿ? ನಿಮ್ಮ ಸ್ಪೆಷಲ್ ವಾರ್ಡಲ್ಲಿ ಇದ್ದಕ್ಕಿದ್ದ ಹಾಗೆ ಇಷ್ಟೊಂದು ಪೇಷಂಟ್ ತೋರಿಸ್ತಿದೆ. ಇವರೆಲ್ಲ ನಿಜವಾಗ್ಲೂ ಅಲ್ಲಿಯವರೇನಾ? ನಮಗೆ ಸಂಶಯ ಬರ್ತಿದೆ."

ನಾನು ಅವ್ವನ ಕಡೆ ನೋಡಿದೆ. ಹನಿ ಬೀಳುತ್ತಿತ್ತು.

"ಸಂಶಯ ಬಂದೈತೇನ್ರಿ?" ಎಂದೆ. "ಹಂಗಾರ ಮುಂದುವರಸ್ರಿ."